ಮರದ ಕಾರಿನ ನಂಬರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಹಳೆಯ ಸ್ಟೇಷನ್ ವ್ಯಾಗನ್ ಒಂದು ನಿಂತಿದೆ. ಮೂತಿ ಕಬ್ಬಿಣದ್ದು, ಬಾಗಿಲಿನಿಂದ ಹಿಂದಕ್ಕೆಲ್ಲ ಮರ. ಅದರಡಿಯಿಂದ ಎರಡು ಪಾದಗಳು ಹೊರಚಾಚಿವೆ. ಒಂದಕ್ಕೆ ಕಾಲುಚೀಲವಿದೆ, ಇನ್ನೊಂದಕ್ಕಿಲ್ಲ.

"ಟಾರ್ಚ್ ಎಡಕ್ಕೆ ಹಿಡೀರಣ್ಣ. ನನ್ನ ಮುಖದಲ್ಲಿ ಏನು ನಂಬರ್ ಬರೆದಿದ್ಯಾ?" ಎಂದು ಅಡಿಯಿಂದ ದನಿ ಬರುತ್ತದೆ.

ಟಾರ್ಚ್ ಹಿಡಿದವನು ಹಳೆ ಕಾರುಗಳ ವ್ಯಾಪಾರಿ. ಅಡಿಯಲ್ಲಿ ಮಲಗಿರುವವರು ಅರವತ್ತು ದಾಟಿದ ಹೆಂಗಸು. ಶೆಡ್ಡುಗಳ ಸಾಲಿನವರಿಗೆಲ್ಲ ಅವರು ನಂಬರಮ್ಮ. ಕಾರಿನಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಸೀಮೆಸುಣ್ಣ ತಿಕ್ಕಿ, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಓದುತ್ತಾರೆ. ಮೊದಲ ಎರಡು ಅಂಕಿ ಕಾರು ಹುಟ್ಟಿದ ವರ್ಷ, ಆಮೇಲಿನದು ಬಾಗಿಲುಗಳ ಲೆಕ್ಕ, ಕೊನೆಯ ನಾಲ್ಕು ಕಾರಿನ ಸರದಿ. ಆ ನಾಲ್ಕನ್ನು ಕಾರ್ಖಾನೆಯವರು ಮರದ ಮೈಯ ಮೇಲೂ ಒತ್ತಿರುತ್ತಾರೆ. ಎರಡೂ ಕೂಡಿ ಬಂದರೆ ಕಾರು ಅಸಲಿ.

"ಗಂಡ ಹೆಂಡತಿ ಬೇರೆ ಬೇರೆ ಮನೆಯವರಾದ್ರೆ ನಡೆಯುತ್ತೆ. ಕಾರಿನ ಕಬ್ಬಿಣ, ಮರ ಹಂಗಾಗಬಾರದು" ಎಂದು ನಗುತ್ತಾರೆ. ನಗು ಬೇಗ ಆರಿಹೋಗುತ್ತದೆ. ಒಂದು ಕಾಲಕ್ಕೆ ವಾರಕ್ಕೆ ಐದಾರು ಕಾರು ಬರುತ್ತಿದ್ದವು. ಈ ವರ್ಷ ಇದು ಮೂರನೆಯದು. ಒಂದು ಕಣ್ಣಿಗೆ ಪೊರೆ ಬಂದಿದೆ. ಮಲಗಿದರೆ ಏಳಲು ಸೊಂಟ ಒಪ್ಪುವುದಿಲ್ಲ, ಯಾರಾದರೂ ಕೈ ಕೊಡಬೇಕು.

ಈ ವಿದ್ಯೆ ಅವರಿಗೆ ಬಂದದ್ದು ಬಡಗಿಯಾಗಿದ್ದ ಗಂಡನಿಂದ. ಕೊಳೆತು ಲಡ್ಡಾದ ಹಲಗೆಯನ್ನು ಎಸೆಯುವಾಗ ಉಳಿದ ಬಡಗಿಗಳು ನಂಬರನ್ನೂ ಎಸೆದುಬಿಡುತ್ತಿದ್ದರು. ಈತ ಮಾತ್ರ ನಂಬರಿರುವ ತುಂಡನ್ನು ಕತ್ತರಿಸಿ, ಹೊಸ ಹಲಗೆಯಲ್ಲಿ ಅದೇ ಜಾಗಕ್ಕೆ ಕೂರಿಸುತ್ತಿದ್ದ. ಕೂಡಿಸಿದ ಸಂದಿನಲ್ಲಿ ಉಗುರು ಕೂಡ ಸಿಕ್ಕಿಕೊಳ್ಳಬಾರದು, ಅಷ್ಟು ನಯ. ಮರದ ಪುಡಿ ಎದೆಗಿಳಿದು, ಕೆಮ್ಮಿ ಕೆಮ್ಮಿ ಹೋದ. ಕೊನೆಯ ವರ್ಷ ಉಜ್ಜುಗೊರಡು ಹಿಡಿದ ಕೈ ಗಡಗಡ ನಡುಗುತ್ತಿತ್ತು.

"'ಕೆಲಸ ಹಾಳು ಮಾಡ್ತಿದ್ದೀರ, ಬಿಟ್ಟುಬಿಡಿ' ಅಂತ ಬೈದೆ. ಅವರು ಬಿಡಲಿಲ್ಲ. ಇದೇ ಕಾರು ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲ" ಎನ್ನುತ್ತಾರೆ ನಂಬರಮ್ಮ.

ಹೌದು, ಇದೇ ಕಾರು. ಆತನ ಕೈಕೆಲಸದಲ್ಲಿ ಈ ಊರಿನಲ್ಲಿ ಉಳಿದಿರುವುದು ಇದೊಂದೇ. ನಂಬರ್ ಕೂಡಿಬಂದರೆ ಇಡೀ ಕಾರು ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ. ಕೂಡದಿದ್ದರೆ ಬಿಡಿಭಾಗಕ್ಕಾಗಿ ಬಿಚ್ಚುತ್ತಾರೆ, ಮರ ಬೆಂಕಿಗೆ.

ಚಾಸಿಯ ಕೊನೆಯ ಅಂಕಿ 8, ಅನುಮಾನವಿಲ್ಲ. ನಂಬರಮ್ಮ ತೆವಳಿ ಹೊರಬಂದು, ವ್ಯಾಪಾರಿಯ ಕೈ ಹಿಡಿದು ಎದ್ದು, ಹಿಂಬಾಗಿಲ ಒಳಹಲಗೆಯನ್ನು ತಡವುತ್ತಾರೆ. ಗಂಡ ಕೂರಿಸಿದ ತುಂಡು ಬೆರಳಿಗೆ ಸಿಗುತ್ತದೆ. ಮೊದಲ ಮೂರು ಅಂಕಿ ಕೂಡುತ್ತವೆ, ಕೊನೆಯದಾಗಿ ಕಾಣುವುದು 3.

"ಹುಷಾರಿಲ್ಲದಾಗ ಮಾಡಿದ ಕೆಲಸ ಅಲ್ವೇನಮ್ಮ? ಉಜ್ಜುವಾಗ ಎಂಟರ ಎಡಭಾಗ ಹಾರಿಹೋಗಿರುತ್ತೆ. ಎಂಟು ಅಂದುಬಿಡಿ. ನೀವು ಹೇಳಿದ್ದೇ ಕೊನೇ ಮಾತು" ಎನ್ನುತ್ತಾನೆ ವ್ಯಾಪಾರಿ, ಮೆತ್ತಗೆ.

ಅವನ ಮಾತಿನಲ್ಲಿ ಕಪಟವಿಲ್ಲ, ಹಾಗೆ ಆಗಿರಲೂಬಹುದು. ಹಾಗೇ ಆಗಿರಲಿ ಎಂದು ನಂಬರಮ್ಮನಿಗೂ ಆಸೆ. ಗಂಡನ ಕೈ ತಪ್ಪಿದ್ದರೆ ಕಾರು ಉಳಿಯುತ್ತದೆ.

ತಿಳಿಯಲು ಒಂದು ದಾರಿಯಿದೆ. ಉಕ್ಕಿನ ಅಚ್ಚು ಒತ್ತಿದಲ್ಲಿ ಮರದ ನಾರು ಒಳಗೆ ಅದುಮಿಕೊಂಡಿರುತ್ತದೆ. ಮೇಲಿನದನ್ನು ಉಜ್ಜಿ ತೆಗೆದರೂ ಒಳಗಿನದು ಹಾಗೇ ಇರುತ್ತದೆ. ಬಿಸಿನೀರು ಕುಡಿಸಿದರೆ ಉಬ್ಬಿಕೊಂಡು, ಹೋದ ಗೆರೆ ಮೇಲೇಳುತ್ತದೆ. ನಂಬರಮ್ಮ ಫ್ಲಾಸ್ಕಿನ ನೀರಲ್ಲಿ ಬಟ್ಟೆ ಅದ್ದಿ ಅಂಕಿಯ ಮೇಲೆ ಒತ್ತಿ ಹಿಡಿಯುತ್ತಾರೆ. ಬಟ್ಟೆ ತಣ್ಣಗಾದಾಗ ಮತ್ತೆ ಅದ್ದುತ್ತಾರೆ. ಹೊರಗೆ ಬೆಳಕಾಗುತ್ತದೆ, ಪಕ್ಕದ ಶೆಡ್ಡಿನ ಬಾಗಿಲು ತೆರೆದ ಸದ್ದು ಕೇಳುತ್ತದೆ. ಕೊನೆಗೆ ಬಟ್ಟೆ ತೆಗೆದು, ಅಂಕಿಯ ಎಡಗಡೆ ಬೆರಳಾಡಿಸುತ್ತಾರೆ. ಮತ್ತೊಮ್ಮೆ ಆಡಿಸುತ್ತಾರೆ.

ನುಣುಪು. ಅಲ್ಲಿ ಯಾವತ್ತೂ ಗೆರೆ ಇರಲೇ ಇಲ್ಲ. ಗಂಡನ ಕೈಗೆ ಬರುವ ಮೊದಲೇ ಯಾರೋ ಬೇರೆ ಕಾರಿನ ಮೈಯನ್ನು ಈ ಚಾಸಿಯ ಮೇಲೆ ಕೂರಿಸಿದ್ದಾರೆ.

"ಮೂರೇ," ಎನ್ನುತ್ತಾರೆ. "ಎಂಟು ಅಂದ್ರೆ ಸತ್ತವರ ಮೇಲೆ ತಪ್ಪು ಹೊರಿಸಿದ ಹಾಗೆ."

"ಹಂಗಾದ್ರೆ ಬಿಚ್ಚೋದೇ, ಅಮ್ಮ."

"ಬಿಚ್ಚಿ."

ಮಂಕಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಅಳುತ್ತಿದ್ದಾರೆ, ಮುಚ್ಚಿಡುವುದಿಲ್ಲ. ಏನಾದರೂ ಬೇಕಾ ಎಂದು ವ್ಯಾಪಾರಿ ಕೇಳಿದಾಗ ಒದ್ದೆ ಹಲಗೆಯಿಂದ ಕೈ ತೆಗೆಯದೆ ಹೇಳುತ್ತಾರೆ: "ಈ ತುಂಡು ಮಾತ್ರ ಬೆಂಕಿಗೆ ಹಾಕಬೇಡಿ, ನನಗೆ ಕೊಡಿ. ಅವರಿಗೆ ಕೈ ನಡುಗ್ತಿದೆ ಅಂತ ಬೈದಿದ್ದೆನಲ್ಲ. ಮುಟ್ಟಿ ನೋಡಿ ಅಣ್ಣ, ಎಲ್ಲಾದ್ರೂ ನಡುಗಿದ್ಯಾ?"