ಕವುಚಿಟ್ಟ ದೋಣಿ

ಕುಂದಾಪುರದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುವವಳು. ಪದ್ಯದಲ್ಲಿ ದೀಪ ಬಂದರೆ ಜ್ಞಾನ, ನದಿ ಬಂದರೆ ಬದುಕು ಎಂದು ಬರೆಸಿ ಬರೆಸಿ ಎಷ್ಟು ಮಕ್ಕಳನ್ನು ಪಾಸು ಮಾಡಿಸಿದ್ದೇನೋ ಲೆಕ್ಕವಿಲ್ಲ. ರೂಪಕ ಎಂದರೆ ಸಿಪ್ಪೆ ಸುಲಿದು ಎಸೆದು ಒಳಗಿನ ಅರ್ಥ ತಿನ್ನುವುದು ಎಂದೇ ನಾನೂ ನಂಬಿದ್ದೆ. ಆ ಜಂಬ ಇಳಿಸಿದ್ದು ನನ್ನ ಅಪ್ಪಯ್ಯ.

ಅಪ್ಪಯ್ಯ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿ. ಕಳೆದ ವರ್ಷ ಹಲಗೆಯಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿ ತಿಂಗಳಾದರೂ ಉಳಿ ಹಿಡಿದರೆ ಕೈ ನಡುಗುತ್ತಿತ್ತು. ಇನ್ನು ಇವರ ಕೆಲಸ ಮುಗಿಯಿತು ಎಂದು ಮನೆಯವರೆಲ್ಲ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆವು. ನಾನಂತೂ ಬ್ರಹ್ಮಾವರದ ಕವಿಗೋಷ್ಠಿಗೆಂದು ಅದರ ಮೇಲೊಂದು ಪದ್ಯವನ್ನೇ ಬರೆದೆ. ಬಿರುಕು ಬಿಟ್ಟ ಹಳೇ ದೋಣಿ ದಡದಲ್ಲಿ ಕವುಚಿ ಬಿದ್ದಿದೆ, ಹೊಳೆ ಅದನ್ನು ಮರೆತಿದೆ, ಹೀಗೆ. ಪದ್ಯದಲ್ಲಿ ಅಪ್ಪಯ್ಯನ ಹೆಸರು ಎಲ್ಲೂ ಇರಲಿಲ್ಲ.

ಒಂದು ಸಂಜೆ ಕಾಲೇಜು ಮುಗಿಸಿ ಬಂದರೆ ಪದ್ಯ ಬರೆದಿಟ್ಟ ಪಟ್ಟಿ ಪುಸ್ತಕ ಅಪ್ಪಯ್ಯನ ಕೈಯಲ್ಲಿ!

"ಇದ್ರಗ್ ತಪ್ಪಿತ್ತ್ ಮಗಾ," ಎಂದರು.

"ಅದ್ ಪದ್ಯ ಅಪ್ಪಯ್ಯ. ಅರ್ಥ ಬೇರೆ ಇತ್ತ್."

"ಅರ್ಥ ಕಡೀಗ್ ಇರ್ಲಿ. ಮೊದ್ಲ್ ದೋಣಿ ಕಾಣ್. ಬಿಸಾಡಿದ್ ದೋಣಿನ ಯಾರಾರೂ ಕವುಚಿ ಹಾಕ್ತ್ರಾ? ಅದ್ ಬಾಯಿ ಮೇಲಾಯಿ ಬಿದ್ಕಂಡಿರತ್ತ್, ಮಳೆನೀರ್ ತುಂಬ್ಕಂಡ್. ಕವುಚಿ ಹಾಕುದ್ ರಿಪೇರಿಗೆ."

ಅದೇ ದಡದಲ್ಲಿ ಆಡಿ ಬೆಳೆದವಳು ನಾನು. ಕವುಚಿಟ್ಟ ದೋಣಿಯ ಅಡಿಗೆ, ಮರ ಕೊಳೆಯದಿರಲೆಂದು, ಗೇರೆಣ್ಣೆ ಬಳಿಯುವುದನ್ನು ಎಷ್ಟು ಸಲ ನೋಡಿಲ್ಲ? ಪದ್ಯ ಬರೆಯುವಾಗ ಮಾತ್ರ ದೋಣಿಯನ್ನೇ ನೋಡಿರಲಿಲ್ಲ. ನನ್ನ ದುಃಖ ತುಂಬಿಡಲು ಒಂದು ಪಾತ್ರೆ ಬೇಕಿತ್ತು, ಅಷ್ಟೆ. ಭಾರೀ ನಾಚಿಕೆಯಾಯಿತು.

"ಹಂಗಾರೆ ತಿದ್ದಿ ಬರೀತೆ, ಬಾಯಿ ಮೇಲಾಯಿ ಇತ್ತ್ ಅಂದೇಳಿ," ಎಂದು ಪಟ್ಟಿಗೆ ಕೈಚಾಚಿದೆ.

ಅಪ್ಪಯ್ಯ ಕೊಡಲಿಲ್ಲ.

"ಬ್ಯಾಡ. ಕವುಚಿಯೇ ಇರ್ಲಿ." ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡರು. "ನನ್ನನ್ ಕವುಚಿ ಹಾಕಿದ್ದ್ ಅಡ್ಡಿಲ್ಲೆ. ನೀರಿಗ್ ಇಳ್ಸುದ್ ಯಾವಾಗ ಅಂದೇಳಿ ಬರೀಲಿಲ್ಯಲೆ?"

ಪಟ್ಟಿ ಇಸಿದುಕೊಂಡು, ಹೊಳೆ ಮರೆತಿದೆ ಎಂಬ ಸಾಲನ್ನು ಅಲ್ಲೇ, ಅವರೆದುರಿಗೇ ಹೊಡೆದುಹಾಕಿದೆ.