ಶ್ರೀಪಾದನ ಕವಿತೆಗೆ ಕಾಮಾ ಹಾಕಬೇಡಿ

ನಂಬಲಿಕ್ಕೆ ಆಗ್ತಾ ಇಲ್ಲ...
ಬೆಳಿಗ್ಗೆ ‘ಶ್ರೀಪಾದ ಹೋದ’ ಅಂತ ಫೋನ್ ಬಂದಾಗ ‘ಯಾವ ಶ್ರೀಪಾದ?’ ಅಂತ ಕೇಳಿದೆ.
ಜಯಪುರದಲ್ಲಿ ಒಬ್ಬ ಇದ್ದಾನೆ, ಶೃಂಗೇರಿಯಲ್ಲಿ ಇನ್ನೊಬ್ಬ.
ಅವರಲ್ಲಿ ಯಾರಾದರೂ ಆಗಿರಲಿ ಅಂತ ಮನಸ್ಸು ಲೆಕ್ಕ ಹಾಕಿತು.
ಕೆಟ್ಟ ಲೆಕ್ಕ. ಆದರೂ ಹಾಕಿತು...

ನಮ್ಮ ಶ್ರೀಪಾದನೇ.
ಎನ್.ಆರ್.ಪುರದ ಡ್ರಾಯಿಂಗ್ ಮೇಷ್ಟ್ರು. ಯಾರಿಗೂ ಸುಲಭಕ್ಕೆ ಅರ್ಥವಾಗದ ನವ್ಯ ಕವಿತೆ ಬರೆಯುತ್ತಿದ್ದವನು.
ಕಾಫಿ ಕುಡಿದು ಪೇಪರ್ ಹಿಡಿದು ಕೂತವನು ಹಾಗೇ ವಾಲಿದನಂತೆ.
ಹಾರ್ಟ್ ಅಟ್ಯಾಕ್. ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ.
ಇದನ್ನು ಯಾಕೆ ಇಷ್ಟು ಒತ್ತಿ ಬರೆಯುತ್ತಿದ್ದೇನೆ ಅಂದರೆ...

ಆಗಿನಿಂದ ಒಂದು ಫಾರ್ವರ್ಡ್ ಓಡಾಡ್ತಿದೆ.
ಅವನ ಫೋಟೋ. ಕೆಳಗೆ ‘ಕವಿಯ ಕೊನೆಯ ಮಾತು’ ಅಂತ ಹೆಡ್ಡಿಂಗ್.

“ಇನ್ನು ನನ್ನಿಂದ ಆಗುವುದಿಲ್ಲ, ಅವಳಿಗೆ ಹೇಳಬೇಡಿ, ಇಳಿಯುವವರು ಇಳಿದಾಯಿತು, ಬಾಗಿಲು ಹಾಕಿ.”

ಅದರ ಕೆಳಗೆ ಕಾಮೆಂಟು.
‘ಮೊದಲೇ ಗೊತ್ತಿತ್ತಾ ಇವರಿಗೆ?’
‘ಮನೆಯಲ್ಲಿ ಎಂತಾದ್ರೂ ಮನಸ್ತಾಪ ಇತ್ತೋ ಎಂತದೋ...’
ಒಬ್ಬ ಪುಣ್ಯಾತ್ಮನಂತೂ ‘ಅವಳು ಅಂದ್ರೆ ಯಾರು, ತನಿಖೆ ಆಗಲಿ’ ಅಂತ ಬರೆದಿದ್ದಾನೆ.

ಅದನ್ನು ಓದಿಯೇ ಇದನ್ನು ಬರೆಯಲಿಕ್ಕೆ ಕೂತದ್ದು.
ಸಂಜೆ ನಾಲ್ಕಕ್ಕೆ ಸಂಸ್ಕಾರ.
ಊರೆಲ್ಲ ಆ ಅಂಗಳಕ್ಕೆ ಬರ್ತದೆ. ಜೇಬಿನಲ್ಲಿ ಈ ಫಾರ್ವರ್ಡ್ ಇಟ್ಟುಕೊಂಡು... ಅವನ ಹೆಂಡತಿಯ, ನಮ್ಮ ಅತ್ತಿಗೆಯ ಮುಖ ನೋಡಲಿಕ್ಕೆ.

ಅತ್ತಿಗೆಗೂ ಯಾರೋ ಕಳಿಸಿಯಾಗಿದೆ.
ಈಗ ಫೋನ್ ಮಾಡಿದ್ದರು. ಅಳು ಇಲ್ಲ, ಒಣಗಿದ ದನಿ.
‘ಮಂಜಣ್ಣ, ಅವರ ಕವಿತೆ ನಿಮಗೆ ಅರ್ಥ ಆಗ್ತಿತ್ತಲ್ಲ... ಅವಳಿಗೆ ಅಂದ್ರೆ, ನನಗಾ?’

ಅರ್ಥ ಆಗ್ತದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ.
ಕೊಪ್ಪದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಹತ್ತನೇ ಕ್ಲಾಸು ದಾಟಿದವನಲ್ಲ. ಕಲಿತದ್ದೆಲ್ಲ ಸ್ಟೇಜಿನ ಪಕ್ಕ ನಿಂತು.
ಯಾರು ಎಷ್ಟು ಮಾತಾಡಿದರು, ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಅಂತ ತೂಗುವುದು ಅಭ್ಯಾಸ ಆಗಿಹೋಗಿದೆ.

ನೆನಪಿದೆಯಾ ಶ್ರೀಪಾದ...
ಬಾಳೆಹೊನ್ನೂರಿನ ಆ ಕವಿಗೋಷ್ಠಿ.
ನೀನು ಬೇರೆ ಯಾವುದೋ ಕವಿತೆಯ ಒಂದು ಸಾಲು ಓದಿದೆ. ಸುಮ್ಮನೆ ನಿಂತೆ.
ಮೈಕ್ ಹೋಯ್ತು ಅಂತ ನಾನು ಸ್ಟೇಜಿಗೆ ಓಡಿ ಬಂದು ವೈರ್ ಅಲ್ಲಾಡಿಸಿ ‘ಹಲೋ, ಹಲೋ’ ಅಂದೆ. ಸಭೆಗೆ ಸಭೆಯೇ ನಕ್ಕಿತು.
‘ಮೈಕ್ ಸರಿ ಇದೆ ಮಾರಾಯ. ಅದು ಖಾಲಿ ಸಾಲು. ಅದನ್ನೂ ಓದಬೇಕು.’
‘ಖಾಲಿಯನ್ನು ಎಂತ ಓದೋದು?’
‘ಒಬ್ಬರ ಮಾತು ಮುಗೀತು, ಇನ್ನೊಬ್ಬರದ್ದು ಶುರು ಆಗಿಲ್ಲ. ಅಷ್ಟು ಹೊತ್ತು ಕಾಯೋದು. ನಿಂಗೆ ಅದೊಂದೇ ಕಷ್ಟ.’

ಅವತ್ತು ವಾಪಸ್ ಹೊರಡುವಾಗ ನನ್ನ ಜೀಪು ಕೈಕೊಟ್ಟಿತ್ತು.
ಇಬ್ಬರೂ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದೆವು, ಆಂಪ್ಲಿಫೈಯರ್ ನನ್ನ ತೊಡೆ ಮೇಲೆ.
ಅರ್ಧ ದಾರಿಯಲ್ಲಿ ತೊಡೆ ಮರಗಟ್ಟಿ ನಾನು ಹೇಳಿದ ಮಾತೇ ಈ ಫಾರ್ವರ್ಡಿನ ಮೊದಲನೇ ಸಾಲು.
ಮುಂದಿನ ಸೀಟಿನಲ್ಲಿ ಒಬ್ಬರು ಪೊಟ್ಟಣ ಬಿಚ್ಚಿ ಜಿಲೇಬಿ ತಿಂತಿದ್ದರು. ಶುಗರ್ ಇತ್ತಂತೆ. ಬಾಯಿ ಒರೆಸಿಕೊಂಡು ಪಕ್ಕದವರಿಗೆ ಅಂದರು, ‘ಅವಳಿಗೆ ಹೇಳಬೇಡಿ.’
ಉಳಿದದ್ದು ಕಂಡಕ್ಟರದ್ದು. ಕೊನೆಯದು ಮೆಟ್ಟಿಲ ಹತ್ತಿರ ಚಳಿಗೆ ಮುದುಡಿ ಕೂತಿದ್ದ ಅಜ್ಜಿಯದ್ದು.

ಬಸ್ಸಲ್ಲಿ ಕೇಳಿದ್ದನ್ನೇ ನೀನು ಕವಿತೆ ಮಾಡಿದೆ. ಐದು ಸಾಲು, ನಾಲ್ಕು ಬಾಯಿ.
ನೀನು ಯಾರ ಮಾತು ಅಂತ ಬರೆಯಲಿಲ್ಲ. ನಡುವೆ ಖಾಲಿ ಬಿಟ್ಟೆ, ಅಷ್ಟೇ.
ಫಾರ್ವರ್ಡ್ ಮಾಡಿದವರು ಆ ಖಾಲಿಯನ್ನು ಕಿತ್ತು ಕಾಮಾ ಹಾಕಿದ್ದಾರೆ. ನಾಲ್ಕು ಬಾಯಿ ಹೊಲಿದು ಒಂದು ಮಾಡಿದ್ದಾರೆ... ಅದನ್ನು ನಿನ್ನ ಮುಖಕ್ಕೆ ಅಂಟಿಸಿದ್ದಾರೆ.
ಕಂಡಕ್ಟರದ್ದೇ ಇನ್ನೊಂದು ಸಾಲು ಬಿಟ್ಟೂ ಬಿಟ್ಟಿದ್ದಾರೆ. ‘ಸ್ವಲ್ಪ ಒಳಗೆ ಹೋಗಿ.’
ಅದು ಸಾವಿಗೆ ಹೊಂದಲಿಲ್ಲ, ಪಾಪ.

‘ಯಾರು ಹೇಳಿದ್ದು ಅಂತ ಬಾಯಿ ಬಿಡಬೇಡ’ ಅಂದಿದ್ದೆ ನೀನು. ‘ಹೇಳಿದರೆ ಬಸ್ಸು ಉಳೀತದೆ, ಕವಿತೆ ಇಳಿದು ಹೋಗ್ತದೆ.’
ಇಷ್ಟು ಕಾಲ ಬಿಟ್ಟಿರಲಿಲ್ಲ. ಇವತ್ತು ಬಿಟ್ಟೆ...
ಕವಿತೆಗೆ ನಷ್ಟ ಆಗಿರಬಹುದು. ಆಗಲಿ. ಅತ್ತಿಗೆಗೆ ಆಗಬಾರದು.

‘ಅದು ಜಿಲೇಬಿ ತಿಂದವರ ಹೆಂಡ್ತಿ ಅತ್ತಿಗೆ’ ಅಂದೆ. ಬಸ್ಸಿನ ಕತೆ ಎಲ್ಲ ಹೇಳಿದೆ.
ಆ ಕಡೆ ಮಾತಿಲ್ಲ.
‘ಹಲೋ’ ಅನ್ನಲಿಕ್ಕೆ ಬಾಯಿ ತೆರೆದೆ... ತಡೆದುಕೊಂಡೆ. ಕಾದೆ.
‘ಅವರ ಶುಗರ್ ಈಗ ಹೇಗಿದೆಯೋ...’ ಅಂದರು.
ಆಮೇಲೆ ಅತ್ತರು. ಬೆಳಗಿನಿಂದ ಅದೇ ಮೊದಲಂತೆ.

ಒಂದು ಮಾತು ಮಾತ್ರ ನನ್ನನ್ನು ಕೊರೀತಿದೆ.
ಆ ಬಸ್ಸಿನಲ್ಲಿ ಎಷ್ಟೊಂದು ಮಾತಿತ್ತು. ಅಡಿಕೆ ರೇಟು, ಮದುವೆ ಊಟ, ಚಿಲ್ಲರೆ ಜಗಳ...
ಈ ಐದನ್ನೇ ಯಾಕೆ ಆರಿಸಿದೆ ಮಾರಾಯ? ಈ ಕ್ರಮದಲ್ಲೇ ಯಾಕೆ ಇಟ್ಟೆ?
ನನಗೆ ಗೊತ್ತಿಲ್ಲ. ಅತ್ತಿಗೆಗೂ ಹಾಗೇ ಹೇಳಿದೆ.
ಕೇಳಬೇಕು ಅಂತಿದ್ದೆ. ನಾಳೆ ಕೇಳಿದರಾಯ್ತು ಅಂತ...

ನಾಲ್ಕಕ್ಕೆ ಬರುವವರಲ್ಲಿ ಕೈಮುಗಿದು ಕೇಳ್ತೇನೆ. ಆ ಫಾರ್ವರ್ಡ್ ಡಿಲೀಟ್ ಮಾಡಿ. ಇದನ್ನು ಒಮ್ಮೆ ಬಾಯಿಬಿಟ್ಟು ಓದಿಕೊಂಡು ಹೊರಡಿ.
ಖಾಲಿ ಬಿಟ್ಟದ್ದು ಟೈಪಿಂಗ್ ಮಿಸ್ಟೇಕ್ ಅಲ್ಲ. ಅಲ್ಲಿ ನಿಲ್ಲಿ.

ಇನ್ನು ನನ್ನಿಂದ ಆಗುವುದಿಲ್ಲ



ಸ್ವಲ್ಪ ಒಳಗೆ ಹೋಗಿ



ಅವಳಿಗೆ ಹೇಳಬೇಡಿ



ಇಳಿಯುವವರು ಇಳಿದಾಯಿತು



ಬಾಗಿಲು ಹಾಕಿ

ಇದರಲ್ಲಿ ಸಾವು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಷ್ಟು ದೊಡ್ಡವನಲ್ಲ.
ಆದರೆ ಆ ಮನೆಯ ಜಗಳ ಇಲ್ಲ. ಅದಕ್ಕೆ ನಾನು ಸಾಕ್ಷಿ. ಪಕ್ಕದ ಸೀಟಿನಲ್ಲೇ ಇದ್ದೆ.

ಹೋಗಿ ಬಾ ಶ್ರೀಪಾದ.
ನಿನ್ನ ಆತ್ಮಕ್ಕೆ



ಶಾಂತಿ ಇರಲಿ.

ನಡುವೆ ಮೈಕ್ ಹೋಗಿದ್ದಲ್ಲ ಮಾರಾಯ.
ಕಾಯ್ತಿದ್ದೆ.