ಹಸಿರು ಸಾಲುಗಳ ಯಜಮಾನಿಕೆ

ಆಗ ನಾನು ಕೊಟ್ಟೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸುವುದಕ್ಕಿಂತ ಕೊಚ್ಚಿಕೊಳ್ಳುವುದೇ ಹೆಚ್ಚು. ಹರಪನಹಳ್ಳಿಯ ಗೆಳೆಯನೊಬ್ಬ, ಕೂಡ್ಲಿಗಿ ಕಡೆಯ ಹೈಸ್ಕೂಲಿನ ಗಣಿತದ ಟೀಚರೊಬ್ಬರು ಮತ್ತು ನಾನು ಸೇರಿ ಶಾಲೆಯ ಅಂಕಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದಿದ್ದೆವು. ಓಪನ್ ಸೋರ್ಸ್ ಬೇರೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಲೂಬಹುದು.

ತಿದ್ದಿದಾಗ ಹಳೆಯದೇನಾದರೂ ಕೆಟ್ಟಿತೇ ಎಂದು ಕಂಪ್ಯೂಟರೇ ನೋಡಿ ಹೇಳುವ ಟೆಸ್ಟುಗಳನ್ನು ನಾನು ಬರೆದಿದ್ದೆ. ಅವು ನನ್ನ ಕೋಣೆಯ ಕಂಪ್ಯೂಟರಿನಲ್ಲೇ ಓಡುತ್ತಿದ್ದವು, ಪಾಸ್‌ವರ್ಡ್ ನನ್ನೊಬ್ಬನ ಹತ್ತಿರ. ಸರಿಯಿದ್ದರೆ ಹಸಿರು ಸಾಲು, ತಪ್ಪಿದ್ದರೆ ಕೆಂಪು.

"ಸರ, ಟೆಸ್ಟುನೂ ಪಾಳಿ ಮ್ಯಾಲೆ ನೋಡ್ಕೊಳ್ಳೋಣ್ರಿ, ನಮಗೂ ಕೊಡ್ರಿ" ಎಂದು ಟೀಚರು ಎರಡು ಸಲ ಕೇಳಿದ್ದರು.

"ನಿಮಗ್ಯಾಕ್ರಿ ಆ ತ್ರಾಸು, ನಾ ಅದೀನಲ್ಲ" ಎಂದಿದ್ದೆ.

ತ್ರಾಸಿನ ಮಾತೆಲ್ಲ ಸುಳ್ಳು. ಆ ಹಸಿರಿನ ಮುಂದೆ ಕೈಕಟ್ಟಿ ನಿಲ್ಲುವ ಜಂಬವನ್ನು ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಆ ಪೈಕಿ ನಾನು.

ಒಂದು ದಿನ ಗೆಳೆಯ ಏನನ್ನೋ ತಿದ್ದಿ ಕಳಿಸಿದ. ಒಂದು ಸಾಲು ಕೆಂಪಾಯಿತು. ಕಾಯಿಲೆಯಿಂದ ಪರೀಕ್ಷೆ ತಪ್ಪಿದವರಿಗೆ ಮರುಪರೀಕ್ಷೆಯ ಅಂಕ ಸೇರುತ್ತದೆಯೇ ಎಂದು ನೋಡುವ ಟೆಸ್ಟು ಅದು. ಅವತ್ತೇ ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಮೇಷ್ಟ್ರುಗಳು ನಮ್ಮ ಪ್ರೋಗ್ರಾಂ ನೋಡಲು ಬರುವವರಿದ್ದರು. ಬೀಗರು ಬರುವಾಗ ಹರಿದ ಚಾಪೆಯನ್ನು ಅಟ್ಟಕ್ಕೆ ಎಸೆಯುವಂತೆ, ಆ ಒಂದು ಟೆಸ್ಟನ್ನು ಓಡದಂತೆ ಮಾಡಿಬಿಟ್ಟೆ. ಎಲ್ಲ ಹಸಿರು! ಮೇಷ್ಟ್ರುಗಳು ತಲೆದೂಗಿದರು. ನಾಳೆ ಸರಿಮಾಡಿದರಾಯಿತು ಎಂದುಕೊಂಡೆ. ಹೊಗಳಿಕೆಯ ಗುಂಗಿನಲ್ಲಿ ಮರೆತೇ ಹೋಯಿತು. ಎಲ್ಲ ಸರಿಯಿದೆ ಎಂದು ಹೇಳಿ ಹೊಸ ಪ್ರತಿಯನ್ನು ಟೀಚರಿಗೂ ಕಳಿಸಿದೆ.

ಏಪ್ರಿಲಿನಲ್ಲಿ ಟೀಚರು ಬಸ್ಸಿಳಿದು ನೇರ ನನ್ನ ಕೋಣೆಗೆ ಬಂದರು. ಜ್ವರ ಬಂದು ಆಮೇಲೆ ಮರುಪರೀಕ್ಷೆ ಬರೆದಿದ್ದ ಅವರ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಅಂಕಪಟ್ಟಿಯಲ್ಲಿ ಫೇಲಾಗಿದ್ದಳು. ಅವಳಪ್ಪ ಇನ್ನು ಶಾಲೆ ಸಾಕೆಂದು ಕುರಿ ಹಿಂದೆ ಕಳಿಸಿದ್ದ.

ತಪ್ಪು ಸರಿಮಾಡಿ ಹೊಸ ಅಂಕಪಟ್ಟಿ ತೆಗೆದುಕೊಂಡು ಇಬ್ಬರೂ ಅವಳ ಊರಾದ ಗುಡೇಕೋಟೆಗೆ ಹೋದೆವು. ಅಪ್ಪನೆದುರು ನಾನು ಕೆಂಪು, ಹಸಿರು, ಟೆಸ್ಟು ಎಂದೆಲ್ಲ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿದ.

"ನಮ್ಮ ನಾಕು ಮನಿ ಕುರಿ ಒಂದ ಹಟ್ಟ್ಯಾಗ ಅದಾವ್ರಿ. ಕಾಯಾಕ ಪಾಳಿ ಹಚ್ಚೀವಿ. ಒಬ್ಬಾತನ್ನ ನಂಬಿದ್ರ, ತಪ್ಪಿಸ್ಕೊಂಡ ಕುರೀನ ಆತ ಎಣಿಕಿಯಿಂದ್ಲ ಬಿಟ್ಟುಬಿಡ್ತಾನ. ನೀವು ಓದಿದೋರು ಮೂರು ಮಂದಿ ಇದ್ದು ಪಾಳಿ ಹಚ್ಚಲಿಲ್ಲೇನ್ರಿ?"

ನಾಚಿಕೆಯಿಂದ ಕುಗ್ಗಿಹೋದೆ. ಟೆಸ್ಟಿನ ಪಾಸ್‌ವರ್ಡನ್ನು ಅಲ್ಲೇ ಬರೆದು ಟೀಚರ ಕೈಗೆ ಕೊಟ್ಟು, ಮೊದಲ ಪಾಳಿ ನಿಮಗೇ ಇರಲಿ ಎಂದೆ. ಕೊಡುವಾಗಲೂ ದೊಡ್ಡಸ್ತಿಕೆ ಬಿಡಲಿಲ್ಲ ನೋಡಿ.

ಅಷ್ಟರಲ್ಲಿ ಹುಡುಗಿ ಕುರಿ ಹೊಡೆದುಕೊಂಡು ಬಂದಳು. ಟೀಚರು ಆ ಹೊಸ ಅಂಕಪಟ್ಟಿ ಕೊಟ್ಟು, ತಪ್ಪು ನಮ್ಮದು ಎಂದರು. ನಾನು ಕ್ಷಮೆ ಕೇಳಲು ಗಂಟಲು ಸರಿಮಾಡಿಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪಟ್ಟಿಯನ್ನು ಎರಡು ಸಲ ಓದಿ ಅಪ್ಪನ ಕಡೆ ತಿರುಗಿದಳು.

"ಪರೀಕ್ಷಿ ಬರ್ದೀನಿ ಅಂದ್ರೂ ಸುಳ್ಳು ಹೇಳ್ತಿ ಅಂತ ಹೊಡದ್ಯಲ್ಲಪ್ಪ, ಈಗ ನೋಡು."